ಬಲೆ ಕೊಯ್ದವರ ಕಡಲು

ಸೌರಾಷ್ಟ್ರದ ವೇರಾವಲ್, ಸೂತ್ರಾಪಾಡಾ, ಧಾಮ್‌ಲೇಜ್, ಮಾಂಗ್ರೋಲ್ ಬಂದರುಗಳಿಂದ ಹೊರಟ ದೋಣಿಗಳ ಬಲೆಗೆ ವರ್ಷವರ್ಷವೂ ಯಾರೂ ಹಿಡಿಯಲು ಬಯಸದ ಒಂದು ಮೀನು ಬಂದು ಸಿಕ್ಕಿಕೊಳ್ಳುತ್ತದೆ. ಬೂದು ಬೆನ್ನಿನ ತುಂಬ ಬಿಳಿ ಚುಕ್ಕಿ, ಚಪ್ಪಟೆ ತಲೆ, ಹೆಚ್ಚುಕಮ್ಮಿ ಆ ತಲೆಯಷ್ಟೇ ಅಗಲದ ಬಾಯಿ. ಉದ್ದದಲ್ಲಿ ಕೆಲವೊಮ್ಮೆ ಸಣ್ಣ ದೋಣಿಯನ್ನೂ ಮೀರಿಸುತ್ತದೆ. ಅದು ತಿಮಿಂಗಿಲ ಶಾರ್ಕ್. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಅದು ಮೀನೇ, ಭೂಮಿಯ ಮೇಲೆ ಈಗ ಬದುಕಿರುವ ಮೀನುಗಳಲ್ಲೆಲ್ಲ ದೊಡ್ಡದು. ಇಷ್ಟು ದೊಡ್ಡ ಒಡಲನ್ನು ಅದು ಹೊರೆಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲವಕ, ಮೀನಿನ ಮೊಟ್ಟೆ, ಪುಟ್ಟ ಸಿಗಡಿಗಳಿಂದ. ಬಾಯಿ ತೆರೆದು ಈಜುತ್ತದೆ, ಒಳಬಂದ ನೀರನ್ನು ಕಿವಿರುಗಳಲ್ಲಿ ಸೋಸಿ ಹೊರಗೆ ಬಿಡುತ್ತದೆ. ಮನುಷ್ಯರ ತಂಟೆಗೆ ಬರುವ ಪ್ರಾಣಿಯೇ ಅಲ್ಲ.

ಆದರೆ ಬಲೆಯಲ್ಲಿ ಸಿಕ್ಕ ಗಾಬರಿಗೆ ಬಾಲ ಬೀಸಿತೆಂದರೆ ದೋಣಿ ಮಗುಚಬಹುದು. ಹೊರಳಿದಷ್ಟೂ ನೈಲಾನ್ ಎಳೆ ರೆಕ್ಕೆಗೆ, ಬಾಲಕ್ಕೆ ಬಿಗಿಯುತ್ತದೆ. ಆಗ ದೋಣಿಯವರು ಮಾಡುವ ಕೆಲಸ ಹೀಗಿರುತ್ತದೆ: ದೋಣಿಯನ್ನು ಮೆಲ್ಲಗೆ ಅದರ ಪಕ್ಕಕ್ಕೆ ತರುತ್ತಾರೆ. ಬಾಲದ ಏಟು ತಾಗದ ಕಡೆ ನಿಂತು ಒಬ್ಬ ಮೇಲಿನಿಂದ ಎಳೆ ಕೊಯ್ಯುತ್ತಾನೆ. ಬೇಕಾದರೆ ಇನ್ನೊಬ್ಬ ನೀರಿಗಿಳಿದು ಹೊಟ್ಟೆಯ ಕೆಳಗೆ ಸುತ್ತಿಕೊಂಡದ್ದನ್ನು ಬಿಡಿಸುತ್ತಾನೆ. ಕೊನೆಯ ಎಳೆ ಕಳಚಿದ ಮೇಲೂ ಮೀನು ತುಸು ಹೊತ್ತು ಅಲ್ಲೇ ತೇಲುತ್ತಿದ್ದು, ತಾನು ಬಿಡುಗಡೆಯಾದದ್ದು ತಿಳಿದ ಮೇಲೆ ಆಳಕ್ಕಿಳಿಯುತ್ತದೆ. ದೋಣಿಯಲ್ಲಿ ಉಳಿಯುವುದು ತುಂಡಾದ ಬಲೆ. ಬಲೆಯೆಂದರೆ ಮೀನುಗಾರನ ಬಂಡವಾಳ, ಬಹುಪಾಲು ಸಾಲದ ಬಂಡವಾಳ. 2004ರಿಂದೀಚೆಗೆ ಗುಜರಾತಿನ ಮೀನುಗಾರರು ಹೀಗೆ ತಮ್ಮ ಬಲೆ ತಾವೇ ಕೊಯ್ದು ಬಿಟ್ಟ ತಿಮಿಂಗಿಲ ಶಾರ್ಕ್‌ಗಳು ಒಂಬೈನೂರಕ್ಕೂ ಹೆಚ್ಚು.

ಇದೇ ಜನ, ಇದೇ ಬಂದರುಗಳು ಅದಕ್ಕೆ ಮೊದಲು ಈ ಮೀನನ್ನು ಬೇಟೆಯಾಡುತ್ತಿದ್ದವು. ದೊಡ್ಡ ಗಾಳ ನೆಟ್ಟು, ಅದರ ಹಗ್ಗಕ್ಕೆ ಖಾಲಿ ಪೀಪಾಯಿ ಕಟ್ಟಿ ಬಿಡುತ್ತಿದ್ದರು. ಪೀಪಾಯಿಯ ತೇಲುವ ಬಲದೆದುರು ಸೆಣಸಿ ಸುಸ್ತಾದ ಮೀನನ್ನು ದಡಕ್ಕೆ ಎಳೆದು ತರುತ್ತಿದ್ದರು. ಊರಿನವರು ಮೀನನ್ನೇ ‘ಬ್ಯಾರಲ್’ ಎಂದು ಕರೆಯುವಷ್ಟು ಆ ಬೇಟೆ ಮಾಮೂಲಾಗಿತ್ತು. ಮೊದಮೊದಲು ಬೇಕಾಗಿದ್ದದ್ದು ಪಿತ್ತಜನಕಾಂಗದ ಎಣ್ಣೆ ಮಾತ್ರ. ಮರದ ದೋಣಿಗೆ ನೀರು ಕುಡಿಯದಂತೆ ಬಳಿಯಲು ಅದು ಬಳಕೆಯಾಗುತ್ತಿತ್ತು. 1990ರ ದಶಕದಲ್ಲಿ ಮಾಂಸಕ್ಕೆ ಹೊರದೇಶದ, ಮುಖ್ಯವಾಗಿ ತೈವಾನಿನ, ಮಾರುಕಟ್ಟೆ ತೆರೆದುಕೊಂಡ ಮೇಲೆ ಬೇಟೆ ವ್ಯಾಪಾರವಾಯಿತು. ಮೈಕ್ ಪಾಂಡೆ ಅವರು 2000ದಲ್ಲಿ ಮಾಡಿದ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ ಆ ಕೊಲೆಯನ್ನು ದೇಶದ ಕಣ್ಣೆದುರು ಇಟ್ಟಿತು. 2001ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಿತು. ಹುಲಿ, ಆನೆಗಳಿಗಿರುವ ರಕ್ಷಣೆಯೇ ಅದಕ್ಕೂ ಸಿಕ್ಕಿತು.

ಕಾಯ್ದೆ ಬಂತು, ಆದರೆ ದಡದವರೆಗೆ ತಲುಪಲಿಲ್ಲ. ಕಡಲಿನೊಳಗೆ ಕಾವಲಿಡುವುದು ಕಾಡಿನಲ್ಲಿ ಕಾವಲಿಟ್ಟ ಹಾಗಲ್ಲ. ಅಲ್ಲಿ ಗಡಿಕಲ್ಲು ನೆಡಲಾಗದು, ಚೆಕ್‌ಪೋಸ್ಟ್ ಹಾಕಲಾಗದು. ನಡುನೀರಿನಲ್ಲಿ ಬಲೆ ಎಳೆಯುತ್ತಿರುವವನ ಎದುರು ಆ ಕ್ಷಣಕ್ಕೆ ಯಾವ ಅಧಿಕಾರಿಯೂ ಇರುವುದಿಲ್ಲ. ಮೀನನ್ನು ಕೊಲ್ಲುವುದೋ ಬಿಡುವುದೋ ಎಂಬ ತೀರ್ಮಾನ ಪೂರ್ತಿ ಅವನದು.

2004ರಲ್ಲಿ ಗುಜರಾತಿನ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಟಾಟಾ ಕೆಮಿಕಲ್ಸ್ ಒಟ್ಟಾಗಿ ಆ ತೀರ್ಮಾನದ ಬಾಗಿಲು ತಟ್ಟಿದವು. ಕಥಾವಾಚಕ ಮೊರಾರಿ ಬಾಪು ಮುಂದೆ ನಿಂತರು. ಹೆರಿಗೆಗೆ ತವರಿಗೆ ಬರುವ ಮಗಳು ಈ ಮೀನು, ಮನೆಗೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂದು ಅವರು ಜನರನ್ನು ಕೇಳಿದರು. ತವರಿನ ಮಾತು ನಮ್ಮಲ್ಲಿ ಎಷ್ಟು ಆಳಕ್ಕೆ ತಾಗುತ್ತದೋ ಸೌರಾಷ್ಟ್ರದಲ್ಲೂ ಅಷ್ಟೇ. ಬ್ಯಾರಲ್ ಆಗಿದ್ದ ಮೀನು ‘ವ್ಹಾಲಿ’ಯಾಯಿತು, ಅಂದರೆ ಮುದ್ದಿನವಳು. ಮೀನಿನ ನಿಜ ಅಳತೆಯ ಗಾಳಿ ತುಂಬಿದ ಬೊಂಬೆ ಊರೂರು ತಿರುಗಿತು, ಗರ್ಭಿಣಿ ಮಗಳ ಕಥೆಯ ಬೀದಿ ನಾಟಕಗಳಾದವು. ಪೋರಬಂದರ್, ವೇರಾವಲ್, ದ್ವಾರಕಾ ಮುಂತಾದ ಊರುಗಳು ಅದನ್ನು ತಮ್ಮ ಊರಿನ ಲಾಂಛನವೆಂದು ಒಪ್ಪಿಕೊಂಡವು. ಆ ಕಥೆಗೆ ಜೀವಶಾಸ್ತ್ರದ ಆಧಾರವೂ ಇಲ್ಲದಿಲ್ಲ. ತಿಮಿಂಗಿಲ ಶಾರ್ಕ್ ಹೊಟ್ಟೆಯೊಳಗೇ ಮೊಟ್ಟೆ ಒಡೆದು ಮರಿ ಹಾಕುವ ಮೀನು. 1995ರಲ್ಲಿ ತೈವಾನಿನಲ್ಲಿ ಹಿಡಿದ ಒಂದು ಹೆಣ್ಣಿನ ಒಡಲಲ್ಲಿ ಸುಮಾರು 300 ಭ್ರೂಣಗಳಿದ್ದವು. ಗುಜರಾತಿನ ಕಡಲಿನಲ್ಲಿ ಅದರ ಎಳೆಯ ಮರಿಗಳು ಸಿಕ್ಕಿದ ದಾಖಲೆಗಳೂ ಇವೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮನ ಕರಗಿತು, ಮೀನು ಉಳಿಯಿತು ಎಂದು. ನನಗೆ ಇದರ ಮುಂದಿನ ಭಾಗವೇ ಮುಖ್ಯವಾಗಿ ಕಾಣುತ್ತದೆ. ಮನ ಕರಗಿದ ಮೀನುಗಾರ ಒಂದು ಸಲ ಬಲೆ ಕೊಯ್ಯಬಹುದು, ಎರಡನೆಯ ಸಲವೂ ಕೊಯ್ಯಬಹುದು. ಮೂರನೆಯ ಸಲ ಮನೆಯಲ್ಲಿ ಹೆಂಡತಿ ಕೇಳುತ್ತಾಳೆ, ಸಾಲ ಕೊಟ್ಟವನು ಕೇಳುತ್ತಾನೆ. ಅದನ್ನು ಅರಿತು ಗುಜರಾತ್ ಅರಣ್ಯ ಇಲಾಖೆ ಕೊಯ್ದ ಬಲೆಗೆ ಪರಿಹಾರ ಕೊಡಲು ಮುಂದಾಯಿತು. ಆ ಮೊತ್ತ 25,000 ರೂಪಾಯಿವರೆಗೆ. ಮೊದಮೊದಲು ಮೀನು ಸಿಕ್ಕಿದ ಸುದ್ದಿ ಕೊಟ್ಟು ಅರಣ್ಯ ಸಿಬ್ಬಂದಿ ಅಲ್ಲಿಗೆ ಬಂದು ನೋಡುವವರೆಗೆ ಕಾಯಬೇಕಿತ್ತು. ಗಂಟೆಗಟ್ಟಲೆ ಬಲೆಯಲ್ಲಿ ಒದ್ದಾಡಿದ ಮೀನು ಬಿಡಿಸಿದ ಮೇಲೂ ಬದುಕುವುದು ಕಷ್ಟ. ಆಮೇಲೆ ಮೀನುಗಾರರ ಕೈಗೇ ನೀರು ತಾಗಿದರೂ ಕೆಡದ ಕ್ಯಾಮೆರಾ ಬಂತು. ಬಲೆಯಲ್ಲಿರುವ ಮೀನಿನ ಚಿತ್ರ, ಕೊಯ್ದ ಬಲೆಯ ಚಿತ್ರ, ಬಿಡುಗಡೆಯ ಚಿತ್ರ ತೆಗೆದು ಕೊಟ್ಟರೆ ಸಾಕಾಯಿತು. ಸಿಬ್ಬಂದಿಗೆ ಕಾಯುವ ಹೊತ್ತು ಉಳಿಯಿತು, ಮೀನಿನ ಜೀವವೂ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಮೀನುಗಾರನ ಮಾತನ್ನು ಸರ್ಕಾರ ನಂಬಿತು. ಕಡಲ ಕಿನಾರೆಯಲ್ಲಿ ಅದು ಅಪರೂಪದ ಸಂಗತಿ.

ಇಷ್ಟಾದರೂ ಈ ಲೆಕ್ಕ ಸರಿದೂಗಿದೆ ಎನ್ನಲಾರೆ. ಬಲೆಯ ಪೂರ್ತಿ ಬೆಲೆ ಪರಿಹಾರದಲ್ಲಿ ಬಾರದೆ ಇರಬಹುದು. ಆ ದಿನ ಕೈತಪ್ಪಿದ ಮೀನಿನ ಬೆಲೆಯಂತೂ ಬರುವುದಿಲ್ಲ. ತಿಮಿಂಗಿಲ ಶಾರ್ಕ್ ಪ್ರಾಯಕ್ಕೆ ಬರಲು ಎರಡು–ಮೂರು ದಶಕ ಬೇಕು. ಇಂದು ಬಿಟ್ಟ ಮರಿ ತಾಯಾಗುವ ಹೊತ್ತಿಗೆ ಇಂದಿನ ಮೀನುಗಾರನ ಮಗ ಚುಕ್ಕಾಣಿ ಹಿಡಿದಿರುತ್ತಾನೆ. ಅಂದರೆ ಈ ಒಪ್ಪಂದ ಒಂದು ಯೋಜನೆಯ ಅವಧಿಗೆ ಮುಗಿಯುವಂಥದ್ದಲ್ಲ.

ಸೌರಾಷ್ಟ್ರದಿಂದ ಕಣ್ಣು ತೆಗೆದು ನಮ್ಮ ಕರಾವಳಿಯತ್ತ ನೋಡಿದರೆ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಡಲನ್ನು ಕಾಯುವ ನಿಯಮ ಯಾವುದೇ ಇರಲಿ, ಅದರ ನಷ್ಟ ಯಾರ ತಲೆಗೆ ಬೀಳುತ್ತದೆ ಎಂಬುದರ ಮೇಲೆ ಅದರ ಆಯಸ್ಸು ನಿಂತಿದೆ. ಕಾರವಾರದಿಂದ ಉಳ್ಳಾಲದವರೆಗಿನ ಸುಮಾರು 320 ಕಿಲೋಮೀಟರ್ ದಡದ ಅರ್ಧ ಶತಮಾನದ ಚರಿತ್ರೆಯನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡೇ ಓದಬಹುದು.

ರಂಪಣಿ ಬಲೆಯಿಂದಲೇ ಶುರುಮಾಡೋಣ. ಬಂಗುಡೆ, ಬೂತಾಯಿಯ ಗುಂಪು ದಡದ ಹತ್ತಿರ ಬಂದದ್ದು ಕಂಡರೆ ದೋಣಿಯಲ್ಲಿ ಬಲೆ ಒಯ್ದು ಸುತ್ತುಹಾಕಿ, ಎರಡೂ ತುದಿಗಳನ್ನು ಮರಳಿನ ಮೇಲೆ ನಿಂತ ಜನ ಸಾಲಾಗಿ ಎಳೆಯುತ್ತಿದ್ದರು. ಕೇರಿಗೆ ಕೇರಿಯೇ ಬಲೆಯ ಪಾಲುದಾರ. ದಡಕ್ಕೆ ಬಂದ ಮೀನು ಮಾತ್ರ ಸಿಗುತ್ತಿತ್ತು, ಬಾರದ್ದು ಕಡಲಿಗೇ ಉಳಿಯುತ್ತಿತ್ತು. 1975–76ರ ಹೊತ್ತಿಗೆ ಪರ್ಸೀನ್ ಬೋಟುಗಳು ಕರ್ನಾಟಕದ ಕಡಲಿಗಿಳಿದವು. ಅವು ಮೀನಿನ ಗುಂಪನ್ನು ಅದಿದ್ದಲ್ಲಿಗೇ ಹೋಗಿ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ದಡದಿಂದ ಮರೆಯಾದವು. ಈಗ ಅಲ್ಲಲ್ಲಿ ಕಾಣುವುದು ಚಿಕ್ಕದಾದ ಕೈರಂಪಣಿ. ಹೊಸ ಬಲೆಯ ಲಾಭ ಬಂಡವಾಳ ಹೂಡಿದವರಿಗೆ ಹೋಯಿತು, ನಷ್ಟ ದಡದಲ್ಲಿ ಹಗ್ಗ ಹಿಡಿದು ನಿಂತವರಿಗೆ ಬಂತು. ಆ ಕಹಿ ಇವತ್ತಿಗೂ ನಾಡದೋಣಿಯವರಿಗೂ ಬೋಟಿನವರಿಗೂ ನಡುವೆ ಆರಿಲ್ಲ.

ಎದುರು ಉದಾಹರಣೆಯಾಗಿ ಮಳೆಗಾಲದ ರಜೆಯನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ನೈಋತ್ಯ ಮಾರುತ ಕಡಲನ್ನು ಕಡೆದು, ತಳದ ತಂಪು ನೀರನ್ನು ಪೋಷಕಾಂಶಗಳ ಸಮೇತ ಮೇಲಕ್ಕೆ ತರುವ ಕಾಲವದು. ಪ್ಲವಕ ತುಂಬಿ ತುಳುಕುತ್ತದೆ, ಬೂತಾಯಿಯಂಥ ಮೀನುಗಳು ಮೊಟ್ಟೆಯಿಡುತ್ತವೆ. ಆಗ ಮಲ್ಪೆ, ಗಂಗೊಳ್ಳಿ, ಮಂಗಳೂರು, ತದಡಿಯ ದಕ್ಕೆಗಳಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ಕಟ್ಟಿಕೊಂಡಿರುತ್ತವೆ. ಬಲೆ ಹೆಣೆಯುವುದು, ಎಂಜಿನ್ ರಿಪೇರಿ, ಬಣ್ಣ ಬಳಿಯುವುದು ನಡೆಯುತ್ತದೆ. ನಮ್ಮ ಕಡಲಿನಲ್ಲಿ ಇಷ್ಟು ಚೆನ್ನಾಗಿ ಪಾಲನೆಯಾಗುವ ನಿಯಮ ಮತ್ತೊಂದಿಲ್ಲ. ಕಾರಣ ಸರಳ. ಎಲ್ಲರೂ ಒಂದೇ ದಿನ ನಿಲ್ಲುತ್ತಾರೆ, ಒಂದೇ ದಿನ ಹೊರಡುತ್ತಾರೆ. ನಾನು ನಿಂತರೆ ಪಕ್ಕದವನು ಬಾಚಿಕೊಂಡಾನು ಎಂಬ ಭಯವಿಲ್ಲ. ಉಳಿತಾಯ–ಪರಿಹಾರ ಯೋಜನೆಯಡಿ ಮೀನುಗಾರ ಕಟ್ಟಿದ 1,500 ರೂಪಾಯಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 3,000 ಸೇರಿಸಿ, ಸಂಪಾದನೆಯಿಲ್ಲದ ತಿಂಗಳುಗಳಲ್ಲಿ 4,500 ರೂಪಾಯಿ ಕೊಡುತ್ತವೆ. ಒಂದು ಸಂಸಾರಕ್ಕೆ ಇದು ಯಾವ ಮೂಲೆಗೂ ಸಾಲದು, ಹೆಚ್ಚಲೇಬೇಕು. ಆದರೂ ನಷ್ಟವನ್ನು ಹಂಚಿಕೊಳ್ಳಬೇಕೆಂಬ ತತ್ವವನ್ನು ಸರ್ಕಾರ ಒಪ್ಪಿದೆಯಲ್ಲ, ಅಷ್ಟರಮಟ್ಟಿಗೆ ಅದು ಸರಿ.

ಲೈಟ್ ಫಿಶಿಂಗ್ ಮತ್ತು ಬುಲ್ ಟ್ರಾಲಿಂಗ್ ವಿಷಯದಲ್ಲಿ ಈ ಲೆಕ್ಕ ತಿರುಗಾಮುರುಗಾ. ಜನರೇಟರ್ ಹೊತ್ತು ಹೋಗಿ, ಎಲ್‌ಇಡಿ ದೀಪ ಹೊತ್ತಿಸಿ, ಬೆಳಕಿಗೆ ಮುತ್ತಿದ ಮೀನನ್ನು ಮರಿ–ಬಲಿತದ್ದೆನ್ನದೆ ಬಾಚುವುದು ಮೊದಲನೆಯದು. ಎರಡು ಬೋಟುಗಳು ಜೋಡಿಯಾಗಿ ಒಂದೇ ಬಲೆಯನ್ನು ಎಳೆದುಕೊಂಡು ಹೋಗುವುದು ಎರಡನೆಯದು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಎರಡನ್ನೂ ನಿಷೇಧಿಸಿತು. ಆದರೂ ದೂರು, ತಕರಾರು, ಮುತ್ತಿಗೆಗಳು ನಿಂತಿಲ್ಲ. ಇಲ್ಲಿ ನಿಯಮ ಪಾಲಿಸಿದವನು ಬರಿಗೈಯಲ್ಲಿ ಬರುತ್ತಾನೆ, ಮುರಿದವನು ಬೋಟು ತುಂಬಿಸಿಕೊಂಡು ಬರುತ್ತಾನೆ. ಪ್ರಾಮಾಣಿಕನಿಗೆ ದಂಡ ಬೀಳುವ ಇಂಥ ನಿಷೇಧವನ್ನು ಗಟ್ಟಿ ಕಾವಲಿಲ್ಲದೆ ಬಿಡುವುದು ನಿಷೇಧವೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂದೇ ನನ್ನ ಅಭಿಪ್ರಾಯ.

ಟ್ರಾಲ್ ಬಲೆಯ ತುದಿಯ ಚೀಲವನ್ನು ಕೈಯಲ್ಲಿ ಹಿಡಿದು ನೋಡಿದರೆ ವಿಷಯ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಮಾಮೂಲಿ ಬಲೆಯ ಕಣ್ಣು ವಜ್ರಾಕಾರದ್ದು. ದಕ್ಕೆಯ ಮೇಲೆ ಹರಡಿದಾಗ ಅದು ಬಿಡಿಸಿಕೊಂಡು, ಮರಿಮೀನು ಸಲೀಸಾಗಿ ನುಸುಳಬಹುದು ಎನ್ನಿಸುತ್ತದೆ. ನೀರಿನಲ್ಲಿ ಎಂಜಿನ್ನಿನ ಎಳೆತಕ್ಕೆ ಸಿಕ್ಕೊಡನೆ ಅದೇ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಅದನ್ನೇ ಚೌಕಾಕಾರವಾಗಿ ಹೆಣೆದರೆ ಎಳೆತದಲ್ಲೂ ತೆರೆದೇ ಇರುತ್ತದೆ, ಮರಿಗಳಿಗೆ ಹೊರಬರುವ ದಾರಿ ಸಿಗುತ್ತದೆ. ಮೀನುಗಾರಿಕಾ ವಿಜ್ಞಾನಿಗಳು 35 ಮಿಲಿಮೀಟರಿನ ಚೌಕ ಕಣ್ಣು ಬೇಕೆಂದು ವರ್ಷಗಳಿಂದ ಹೇಳುತ್ತಿರುವುದು ಇದಕ್ಕೇ. ಹಾಗೆ ನುಸುಳದ ಮರಿಗಳು ಎಲ್ಲಿಗೆ ಹೋಗುತ್ತವೆ? ದಕ್ಕೆಯಲ್ಲಿ ಒಂದು ಬದಿಗೆ ರಾಶಿ ಬೀಳುವ ಬೆರಳುದ್ದದ ಮೀನು, ಏಡಿಮರಿ, ಬೊಂಡಾಸಿನ ಮರಿಗಳನ್ನು ಸಲಿಕೆಯಲ್ಲಿ ಲಾರಿಗೆ ತುಂಬಿ ಫಿಶ್‌ಮೀಲ್ ಕಾರ್ಖಾನೆಗೆ ಸಾಗಿಸುತ್ತಾರೆ. ಬೆಳೆದಿದ್ದರೆ ಅಂಜಲೋ ಕೊಡ್ಡಾಯಿಯೋ ಆಗಿ ನೂರಾರು ರೂಪಾಯಿ ತರಬಹುದಾಗಿದ್ದದ್ದು ಕೋಳಿ ಆಹಾರದ ಪುಡಿಯಾಗಿ ಚಿಲ್ಲರೆ ಕಾಸು ತರುತ್ತದೆ.

ಬೂತಾಯಿಯ ಗತಿ ಇದಕ್ಕೆ ದೊಡ್ಡ ಎಚ್ಚರಿಕೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ನೀರಿನ ತಾಪ ಏರಿಸಿದ ಎಲ್ ನಿನೊ ಒಂದು ಕಾರಣ, ಮೊದಲೇ ಅತಿಯಾಗಿ ಹಿಡಿದದ್ದು ಇನ್ನೊಂದು. ಹವಾಮಾನ ನಮ್ಮ ಕೈಯಲ್ಲಿಲ್ಲ. ಬಲೆಯ ಕಣ್ಣು ನಮ್ಮ ಕೈಯಲ್ಲಿದೆ. ಕೇರಳ 2015ರಲ್ಲಿ 14 ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರ ನಿಗದಿ ಮಾಡಿತು, ಆಮೇಲೆ ಪಟ್ಟಿಯನ್ನು 58ಕ್ಕೆ ಏರಿಸಿತು. ಅಲ್ಲಿ ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10 ಸೆಂಟಿಮೀಟರ್.

ಕಡಲಾಮೆಯ ಕಥೆಯಲ್ಲಿ ನಷ್ಟದ ಲೆಕ್ಕ ಮತ್ತೂ ವಿಚಿತ್ರ ತಿರುವು ತೆಗೆದುಕೊಂಡಿದೆ. ಹೊನ್ನಾವರದ ಕಾಸರಕೋಡು, ಕುಂದಾಪುರದ ಸುತ್ತಲಿನ ದಡ, ಕಾರವಾರದ ದೇವಬಾಗಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದ ರಾತ್ರಿ ಮರಳಿಗೆ ಬಂದು ನೂರರ ಆಸುಪಾಸು ಮೊಟ್ಟೆಯಿಟ್ಟು ಹೋಗುತ್ತವೆ. ಗೂಡು ಕಂಡವರು ತಿಳಿಸಿದರೆ ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುತ್ತಾರೆ. ಈ ಕೆಲಸದಲ್ಲಿ ದಡದ ಮೀನುಗಾರರ ಕಣ್ಣೇ ದೊಡ್ಡ ಆಸರೆ. ಸುಮಾರು 50 ದಿನಕ್ಕೆ ಮರಿ ಹೊರಬರುತ್ತದೆ. ಮರಿಗಳು ಹೊಳೆಯುವ ನೀರನ್ನು ಗುರುತು ಹಿಡಿದು ಹೋಗುವಂಥವು; ರೆಸಾರ್ಟಿನ ದೀಪ ಉರಿಯುತ್ತಿದ್ದರೆ ಕಡಲಿಗೆ ಬೆನ್ನು ಹಾಕಿ ರಸ್ತೆಯತ್ತ ನಡೆದು ಸಾಯುತ್ತವೆ.

ನೀರಿನೊಳಗೆ ಅಪಾಯ ಬೇರೆ ಬಗೆಯದು. ಆಮೆ ಉಸಿರಾಡಲು ಮೇಲೆ ಬರಲೇಬೇಕು, ಗಂಟೆಗಟ್ಟಲೆ ಎಳೆಯುವ ಟ್ರಾಲ್ ಬಲೆಯಲ್ಲಿ ಸಿಕ್ಕಿದರೆ ಉಸಿರುಗಟ್ಟುತ್ತದೆ. ಬಲೆಯೊಳಗೆ ಓರೆಯಾಗಿ ಕಂಬಿಗಳ ಚೌಕಟ್ಟು ಕೂರಿಸಿ, ಸಿಗಡಿ ಹಿಂದಕ್ಕೆ ಹೋಗುವಂತೆ, ಆಮೆ ಮೇಲಿನ ಕಂಡಿಯಿಂದ ಪಾರಾಗುವಂತೆ ಮಾಡುವ ಸಾಧನವಿದೆ. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವಂತೆ ಅದನ್ನು ರೂಪಿಸಿದೆ. ಅದನ್ನು ಅಳವಡಿಸಿದರೆ ತುಸು ಸಿಗಡಿಯೂ ತಪ್ಪಿಸಿಕೊಳ್ಳುತ್ತದೆ ಎಂಬುದು ಬೋಟಿನವರ ಹಿಂಜರಿಕೆ. ಆ ತುಸು ನಷ್ಟವನ್ನು ಯಾರೂ ಹೊರದೆ ಹೋದದ್ದರಿಂದ ಆಮೆಗೆ ರಕ್ಷಣೆಯಿಲ್ಲವೆಂದು ಅಮೆರಿಕ ಭಾರತದ ಕಡಲ ಸಿಗಡಿಯನ್ನೇ ಕೊಳ್ಳುವುದು ನಿಲ್ಲಿಸಿತು. ಕೆಲವು ಕಿಲೋ ಸಿಗಡಿ ಉಳಿಸಲು ಹೋಗಿ ಇಡೀ ಮಾರುಕಟ್ಟೆ ಕಳೆದುಕೊಂಡ ಹಾಗಾಯಿತು.

ಅಳಿವೆಗಳ ಬಗ್ಗೆ ಒಂದು ಮಾತು ಹೇಳದೆ ಈ ವಿಷಯ ಪೂರ್ಣವಾಗದು. ಕಡಲ ಮೀನಿನ ಎಷ್ಟೋ ಮರಿಗಳು ಬೆಳೆಯುವುದು ಕಾಂಡ್ಲಾ ಬೇರುಗಳ ಸಂದಿಯಲ್ಲಿ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಕಡೆ ಗಜನಿ ಗದ್ದೆಗಳಿವೆ, ಉಪ್ಪುನೀರನ್ನು ತಾಳುವ ಕಗ್ಗ ಭತ್ತವಿದೆ, ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಲೆಕ್ಕ ಹಾಕಿದಾಗ ಬಳಚಿನಂಥ ಚಿಪ್ಪುಜೀವಿಗಳಿಂದಲೇ ಆ ಅಳಿವೆಯಲ್ಲಿ 2,347 ಮಂದಿ ಬದುಕುತ್ತಿದ್ದರು, ವರ್ಷದ ವಹಿವಾಟು 5.78 ಕೋಟಿ ರೂಪಾಯಿ. ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಮಾತು ಬಂದಿದ್ದಾಗ ಈ ಲೆಕ್ಕ ಯಾವ ಯೋಜನಾ ವರದಿಯಲ್ಲೂ ಬರುವಂಥದ್ದಾಗಿರಲಿಲ್ಲ. ಬಳಚು ಹೆಕ್ಕುವ ಹೆಂಗಸಿನ ಬಳಿ ಪಹಣಿ ಪತ್ರವಿಲ್ಲ. ಅಳಿವೆಯ ತಳ ಹಾಳಾದರೆ ಅವಳಿಗೆ ಪರಿಹಾರ ಕೊಡಲು ಸರ್ವೆ ನಂಬರೇ ಇಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆನಿಸಿತು. ಆ ಮನ್ನಣೆ ಅವಳ ಹೆಸರನ್ನೂ ಒಂದು ಕಡತದಲ್ಲಿ ಬರೆಸಬೇಕು.

ಮಾಡಬೇಕಾದ ಕೆಲಸಗಳು ಗುಟ್ಟಿನವಲ್ಲ. ಆಮೆಯನ್ನೋ ಡಾಲ್ಫಿನ್ನನ್ನೋ ತಿಮಿಂಗಿಲ ಶಾರ್ಕನ್ನೋ ಬಿಡಿಸಲು ಬಲೆ ಕೊಯ್ದವನಿಗೆ ಮಹಾರಾಷ್ಟ್ರವೂ ಗುಜರಾತಿನಂತೆ 25,000 ರೂಪಾಯಿವರೆಗೆ ಕೊಡುತ್ತಿದೆ. ಅದೇ ಭರವಸೆ ಕಾರವಾರದಿಂದ ಉಳ್ಳಾಲದವರೆಗೆ ದೋಣಿ ನಡೆಸುವ ಪ್ರತಿ ತಂಡೇಲನ ಕಿವಿಗೂ ಬೀಳಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರವೇ ಸಾಕ್ಷಿಯಾಗಿ, ಹಣ ಕಚೇರಿ ಅಲೆಸದೆ ಖಾತೆಗೆ ಬರಬೇಕು. ಚೌಕ ಕಣ್ಣಿನ ಚೀಲವನ್ನೂ ಆಮೆ ಪಾರಾಗುವ ಚೌಕಟ್ಟನ್ನೂ ಸರ್ಕಾರವೇ ಪುಕ್ಕಟೆ ಕೊಟ್ಟು ಎಲ್ಲ ಬೋಟುಗಳಿಗೂ ಒಂದೇ ದಿನ ಕಡ್ಡಾಯ ಮಾಡಬೇಕು, ಮಳೆಗಾಲದ ರಜೆಯ ಹಾಗೆ. ಹರಿದ ನೈಲಾನ್ ಬಲೆಯನ್ನು ಕಡಲಿಗೆಸೆಯದೆ ದಕ್ಕೆಗೆ ತಂದವನಿಗೆ ತೂಕದ ಮೇಲೆ ದುಡ್ಡು ಕೊಡಬೇಕು. ಕಡಲಿಗೆಸೆದ ಬಲೆ ತಳದಲ್ಲಿ ಬಿದ್ದು ವರ್ಷಗಟ್ಟಲೆ ಮೀನು, ಆಮೆಗಳನ್ನು ಕೊಲ್ಲುತ್ತಲೇ ಇರುತ್ತದೆ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರು ಮೀನು ತಿನ್ನುವವರೂ ಆಗಿರುತ್ತಾರೆ. ಕಡಲಿನ ಲಾಭ ಬೆಂಗಳೂರಿನ ಹೋಟೆಲಿನ ತಟ್ಟೆಯವರೆಗೂ ಬರುತ್ತದೆ, ನಷ್ಟ ಮಾತ್ರ ದೋಣಿಯಲ್ಲೇ ಉಳಿಯಬೇಕೆ? ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಂದಿನ ಸಲ ಮಾರುಕಟ್ಟೆಗೆ ಹೋದಾಗ 14 ಸೆಂಟಿಮೀಟರಿಗಿಂತ ಗಿಡ್ಡ ಬಂಗುಡೆ, 10 ಸೆಂಟಿಮೀಟರಿಗಿಂತ ಗಿಡ್ಡ ಬೂತಾಯಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಏಕೆ ಬೇಡ ಎಂಬುದನ್ನು ಮೀನು ಮಾರುವ ಅಕ್ಕನಿಗೂ ಹೇಳಿ. ಅವರು ಅದನ್ನು ದಕ್ಕೆಯಲ್ಲಿ ಹೇಳುತ್ತಾರೆ.